ಅಳೆದುಕೊಳ್ಳುವ ಕೈ

ಸುಗ್ಗಿ ಮುಗಿದು ಕಣದ ಧೂಳು ಅಡಗಿದ ಮೇಲೆ ತುಮಕೂರು, ಹಾಸನ, ರಾಮನಗರ, ಮಂಡ್ಯದ ಕಡೆಯ ಎಪಿಎಂಸಿ ಅಂಗಳಗಳಲ್ಲಿ ರಾಗಿ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಬೆಂಬಲ ಬೆಲೆಯ ಖರೀದಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ಕ್ವಿಂಟಲಿಗೆ 4,886 ರೂಪಾಯಿ. 50 ಕಿಲೋ ಚೀಲವೊಂದಕ್ಕೆ 2,443. ಸರದಿ ಬಂದಾಗ ಖರೀದಿ ಕೇಂದ್ರದವರು ಮೊನಚಾದ ಕೊಳವೆಯನ್ನು ಚೀಲದ ಪಕ್ಕೆಗೆ ಚುಚ್ಚಿ ಒಂದು ಹಿಡಿ ಕಾಳನ್ನು ಅಂಗೈಗೆ ಸುರಿದುಕೊಳ್ಳುತ್ತಾರೆ. ಊದುತ್ತಾರೆ, ಮೂಸುತ್ತಾರೆ, ತೇವ ಅಳೆಯುವ ಯಂತ್ರದ ಬಟ್ಟಲಿಗೆ ಹಾಕುತ್ತಾರೆ. ಶೇ 12 ದಾಟಿದರೆ ಚೀಲ ವಾಪಸು. ಆ ಅರ್ಧ ನಿಮಿಷ ರೈತ ಯಂತ್ರವನ್ನು ನೋಡುವುದಿಲ್ಲ, ಯಂತ್ರ ಹಿಡಿದವನ ಮುಖ ನೋಡುತ್ತಾನೆ. ಮುಂಗಾರಿನಿಂದ ಈಚೆಗೆ ಅವನು ಪಟ್ಟ ಪಾಡೆಲ್ಲ ಈಗ ಇನ್ನೊಬ್ಬನ ಅಂಗೈಯಲ್ಲಿದೆ.

ಉಗ್ರಾಣದ ಬಾಗಿಲಲ್ಲಿ ನಿಂತು, ಬಂದ ಸರಕನ್ನು ನೋಡಿ, ಎಣಿಸಿ, ತೂಗಿ, ಒಪ್ಪಿಸಿಕೊಳ್ಳುವ ಕೆಲಸವನ್ನು ನಾವು ಬರೀ ಗುಮಾಸ್ತಿಕೆ ಎಂದುಕೊಂಡಿದ್ದೇವೆ. ನನಗೆ ಅದು ನ್ಯಾಯ ಹೇಳುವವನ ಕೆಲಸದ ಹಾಗೆ ಕಾಣುತ್ತದೆ. ವ್ಯತ್ಯಾಸ ಇಷ್ಟೇ: ಇಲ್ಲಿ ಕಟ್ಟೆಯ ಮುಂದೆ ಒಬ್ಬನೇ ನಿಂತಿರುತ್ತಾನೆ, ತಂದವನು. ಇನ್ನೊಬ್ಬರು ಬರುವುದೇ ಇಲ್ಲ. ಅವರು ಎಲ್ಲೋ ಪಡಿತರದ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಅಜ್ಜಿ, ಅಂಗನವಾಡಿಯ ತಟ್ಟೆಯ ಮುಂದೆ ಕೂತ ಮಗು. ಮುಗ್ಗಿದ ಕಾಳು ಬಂದರೆ ಮುದ್ದೆ ಒಗರಾಗುವುದು ಅವರ ಬಾಯಲ್ಲಿ. ತೂಕ ಕಡಿಮೆಯಾದರೆ ತಿಂಗಳ ಕೊನೆಯ ದಿನಗಳು ಕಷ್ಟವಾಗುವುದು ಅವರಿಗೆ. ಎದುರಿಗಿರುವವನ ಬೆವರನ್ನೂ ಎದುರಿಗಿಲ್ಲದವರ ಹಸಿವನ್ನೂ ಒಂದೇ ಹೊತ್ತಿಗೆ ನೆನಪಿಟ್ಟುಕೊಳ್ಳಬೇಕಾದ ಜಾಗ ಅದು. ಒಬ್ಬರನ್ನು ಮರೆತರೆ ಸಾಕು, ಪರೀಕ್ಷೆ ಕೆಡುತ್ತದೆ. ತಿನ್ನುವವರನ್ನು ಮರೆತವನು ಏನು ಬಂದರೂ ಒಳಗೆ ಬಿಡುತ್ತಾನೆ. ತಂದವನನ್ನು ಮರೆತವನು ಅವನ ಎದೆ ಹಿಂಡುತ್ತಾನೆ.

ಶೇ 12 ಎಂಬುದು ರೈತನನ್ನು ಕಾಡಿಸಲು ಯಾರೋ ಕೂತು ಬರೆದ ಅಂಕಿಯಲ್ಲ. ಶೇ 14 ತೇವವಿರುವ 50 ಕಿಲೋ ರಾಗಿಯನ್ನು ಶೇ 12ರ ಮಟ್ಟಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 48 ಕಿಲೋ 860 ಗ್ರಾಂ. ಅಂದರೆ ಒಂದು ಕಿಲೋಗೂ ಹೆಚ್ಚು ನೀರಿಗೆ ರಾಗಿಯ ದುಡ್ಡು. ಅದಕ್ಕಿಂತ ದೊಡ್ಡ ಕೇಡು ಚೀಲಗಳ ನಿಟ್ಟಿನ ಒಳಗೆ ನಡೆಯುತ್ತದೆ. ಒದ್ದೆ ಚೀಲ ನಡುವೆ ಸೇರಿಕೊಂಡರೆ ಕಾಳು ಉಸಿರಾಡಿ ಬಿಸಿಯಾಗುತ್ತದೆ, ಆ ಬಿಸಿಗೆ ಬೂಸ್ಟು ಬರುತ್ತದೆ, ಹುಳು ಏಳುತ್ತದೆ. ಪಕ್ಕದ ಒಳ್ಳೆಯ ಚೀಲಗಳೂ ಜೊತೆಗೆ ಹಾಳಾಗುತ್ತವೆ. ಚೆನ್ನಾಗಿ ಒಣಗಿಸಿ ತಂದ ಇನ್ನೊಬ್ಬ ರೈತನ ದುಡಿಮೆಯೂ ಆ ಒಂದು ಚೀಲದಿಂದ ಮಣ್ಣುಪಾಲು. ಹಾಗಾಗಿ ಬೇಡ ಎನ್ನುವ ಅಧಿಕಾರ ಉಗ್ರಾಣದವನಿಗೆ ಬೇಕೇ ಬೇಕು.

ಆದರೆ ಬೇಡ ಎನ್ನುವುದರಲ್ಲೂ ರೀತಿಯಿದೆ. ತೇವದ ಯಂತ್ರಕ್ಕೆ ಒಂದೊಂದು ಧಾನ್ಯಕ್ಕೆ ಒಂದೊಂದು ಲೆಕ್ಕವಿರುತ್ತದೆ. ಭತ್ತಕ್ಕೆ ಹೊಂದಿಸಿದ್ದನ್ನು ಹಾಗೇ ಬಿಟ್ಟು ರಾಗಿ ಅಳೆದರೆ ಬರುವ ಅಂಕಿ ಸುಳ್ಳು. ಅಂಕಿ ಎಷ್ಟು ಬಂತೆಂದು ರೈತನಿಗೆ ತೋರಿಸಬೇಕು, ಅನುಮಾನವಿದ್ದರೆ ಇನ್ನೊಂದು ಚೀಲದಿಂದ ತೆಗೆದು ಮತ್ತೆ ನೋಡಬೇಕು. ಅಂಗಳದಲ್ಲೇ ಎರಡು ಬಿಸಿಲು ಹರವಿಕೊಳ್ಳಲು ಜಾಗ, ಒಂದು ಟಾರ್ಪಾಲು, ಒಂದು ರಾತ್ರಿಗೆ ಸೂರು ಸಿಕ್ಕರೆ ವಾಪಸಾಗುವ ಚೀಲಗಳಲ್ಲಿ ಎಷ್ಟೋ ಉಳಿದುಕೊಳ್ಳುತ್ತವೆ. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಬಂದವನಿಗೆ, ಕಾರಣವನ್ನೂ ಹೇಳದೆ, ಕೈಯಲ್ಲೊಂದು ಚೀಟಿಯನ್ನೂ ಕೊಡದೆ ಒಯ್ಯಿ ಎಂದರೆ, ಅವನು ಅಲ್ಲೇ ಹೊರಗೆ ಕಾದಿರುವ ದಲಾಲನಿಗೆ ಕೇಳಿದ ರೇಟಿಗೆ ಸುರಿದು ಹೋಗುತ್ತಾನೆ. ನಾಲ್ಕು ದಿನ ಕಳೆದು ಅದೇ ರಾಗಿ ಬೇರೆ ಹೆಸರಿನಲ್ಲಿ ಅದೇ ಬಾಗಿಲಿಗೆ ಬಂದರೆ ಯಾರಿಗೂ ಆಶ್ಚರ್ಯವಾಗಬಾರದು.

ಹಿಂದೆ ಈ ಪರೀಕ್ಷೆ ಮನೆಯೊಳಗಿನದಾಗಿತ್ತು. ಕಣದಲ್ಲಿ ತೂರಿ, ಮೊರದಲ್ಲಿ ಕೇರಿ, ನಾಲ್ಕು ಕಾಳನ್ನು ಹಲ್ಲಿನಡಿ ಇಟ್ಟು ಕಟ್ಟೆಂದು ಸದ್ದು ಬಂದರೆ ಮಾತ್ರ ಒಣಗಿದೆ ಎನ್ನುತ್ತಿದ್ದರು. ಕೊಳಗದಲ್ಲಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಿದ್ದರು. 20 ಕೊಳಗಕ್ಕೆ ಒಂದು ಖಂಡುಗ. ಹಗೇವಿಗೆ ಸುರಿಯುವ ರಾಗಿಯನ್ನಂತೂ ಇನ್ನೂ ಹುಷಾರಾಗಿ ನೋಡುತ್ತಿದ್ದರು, ಏಕೆಂದರೆ ನೆಲದೊಳಗೆ ಮುಚ್ಚಿದ ಮೇಲೆ ಅದನ್ನು ಮತ್ತೆ ಕಾಣುವುದು ವರ್ಷಗಳ ನಂತರ, ಬಹುಶಃ ಬರಗಾಲದಲ್ಲಿ. ಅಲ್ಲಿ ಬೆಳೆದವನು, ಅಳೆದವನು, ತಿನ್ನುವವನು ಒಂದೇ ಒಲೆಯ ಸುತ್ತ ಇದ್ದವರು. ಮೋಸ ಮಾಡಿಕೊಂಡರೆ ತಮಗೇ ಮಾಡಿಕೊಳ್ಳಬೇಕಿತ್ತು. ಈಗ ಕಡೂರಿನ ಕಾಳು ಯಾವ ಊರಿನ ಯಾರ ತಟ್ಟೆಗೆ ಹೋಗುತ್ತದೋ ಅಳೆಯುವವನಿಗೆ ಗೊತ್ತಿಲ್ಲ. ಗುರುತಿಲ್ಲದವರ ಮೇಲೆ ಕಾಳಜಿ ಇಟ್ಟುಕೊಳ್ಳುವುದು ತಾನಾಗಿ ಬರುವ ಗುಣವಲ್ಲ, ಕಲಿಯಬೇಕು.

ರಾಜ್ಯದ ಉಗ್ರಾಣಗಳಿಗೆ ಈ ಪ್ರಶ್ನೆ ಹೊಸದೇನಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರ ಉಗ್ರಾಣದ ಅಧಿಕಾರಿಗೆ ಹೇಳುವ ಮಾತು ನೇರವಾಗಿದೆ: ಒಳಗೆ ತೆಗೆದುಕೊಳ್ಳುವ ಧಾನ್ಯ ಶುದ್ಧವಾಗಿರಬೇಕು, ಅಳತೆ ತುಂಬಿರಬೇಕು, ಹೊಸದಾಗಿರಬೇಕು, ತಪ್ಪಿದರೆ ಬೆಲೆಯ ಎರಡರಷ್ಟು ದಂಡ. ಖೋಟಾ ನಾಣ್ಯ ಬಂದರೆ ಅಲ್ಲೇ ಕತ್ತರಿಸಿ ಹಾಕಬೇಕು. ಅಧಿಕಾರಿಗಳು ನುಂಗುವ 40 ದಾರಿಗಳನ್ನೂ ಆ ಗ್ರಂಥ ಪಟ್ಟಿ ಮಾಡುತ್ತದೆ. ತೂಕ ಅಳತೆಯ ಮೋಸ ಅವುಗಳಲ್ಲಿ ಸೇರಿದೆ.

ಇಷ್ಟು ಎಚ್ಚರ ಹೇಳುವ ಅದೇ ಗ್ರಂಥದಲ್ಲಿ ನನ್ನನ್ನು ಬಹಳ ಕಾಲದಿಂದ ಕಲಕಿರುವ ಇನ್ನೊಂದು ವಿವರವಿದೆ. ದ್ರೋಣ ಎಂಬ ಒಂದೇ ಹೆಸರಿನ ಅಳತೆ ಅಲ್ಲಿ ನಾಲ್ಕು ಗಾತ್ರದಲ್ಲಿ ಬರುತ್ತದೆ. ಅರಸನಿಗೆ ಬರುವ ಆದಾಯ ಅಳೆದುಕೊಳ್ಳುವ ದ್ರೋಣ 200 ಪಲ. ವ್ಯಾಪಾರದ ದ್ರೋಣ 187½. ಆಳುಕಾಳುಗಳಿಗೆ ಕೊಡುವ ದ್ರೋಣ 175. ಅಂತಃಪುರದ ಖರ್ಚಿನದು 162½. ಇದು ಕಳ್ಳತನವಲ್ಲ, ನಿಯಮ. ಆದರೂ ಯೋಚಿಸಿ. ರೈತ ಒಂದು ದ್ರೋಣ ಅಳೆದು ಕೊಟ್ಟ. ಅದೇ ಉಗ್ರಾಣದಲ್ಲಿ ದುಡಿದವನು ಒಂದು ದ್ರೋಣ ಕೂಲಿ ಪಡೆದ. ನಡುವೆ 25 ಪಲ ಎಲ್ಲಿಗೆ ಹೋಯಿತೆಂದು ಕೇಳಲು ಇಬ್ಬರಿಗೂ ಬಾಯಿಲ್ಲ, ಏಕೆಂದರೆ ಹೆಸರು ಒಂದೇ.

ಈ ಎರಡು ಅಳತೆಯ ಚಾಳಿ ಅರಸರೊಂದಿಗೆ ಮುಗಿಯಲಿಲ್ಲ. ಮಾರುಕಟ್ಟೆಗಳಲ್ಲಿ ಸೂಟು ಎಂದು ಕ್ವಿಂಟಲಿಗೆ ಇಷ್ಟೆಂದು ಮುರಿದುಕೊಳ್ಳುವುದನ್ನು ರೈತರು ಎಷ್ಟು ವರ್ಷಗಳಿಂದ ಹೇಳಿಕೊಳ್ಳುತ್ತಿಲ್ಲ! ಧೂಳಿಗೆ, ತೇವಕ್ಕೆ, ಉದುರಿದ್ದಕ್ಕೆ, ಮಾದರಿಗೆಂದು ತೆಗೆದ ಹಿಡಿಗೆ, ಒಂದೊಂದಕ್ಕೂ ಒಂದು ನೆಪ. ಕಾಳು ಕೊಳಕಿದ್ದರೆ ಸ್ವಚ್ಛ ಮಾಡಿ ತಾ ಎನ್ನಬಹುದು, ಹಸಿಯಿದ್ದರೆ ಒಣಗಿಸು ಎನ್ನಬಹುದು. ಚೊಕ್ಕವಾಗಿದ್ದರೂ ಮುರಿಯುವುದಾದರೆ ಅದು ಪರೀಕ್ಷೆಯಲ್ಲ. ಇನ್ನು ಚೀಲದ ತೂಕ. 50 ಕಿಲೋ ಧಾನ್ಯ ತುಂಬುವ ಸೆಣಬಿನ ಚೀಲದ ಪ್ರಮಾಣಿತ ತೂಕ 580 ಗ್ರಾಂ. ರೈತನಿಂದ ಅಳೆದುಕೊಳ್ಳುವಾಗ ಚೀಲದ ತೂಕ ಕಳೆದು, ಅಂಗಡಿಗೆ ಅಳೆದು ಕೊಡುವಾಗ ಚೀಲದ ಸಮೇತ 50 ಎಂದರೆ 100 ಚೀಲಕ್ಕೆ 58 ಕಿಲೋ ಕಾಣೆ. ಆಹಾರ ಭದ್ರತಾ ಕಾಯ್ದೆಯಂತೆ ಒಬ್ಬರಿಗೆ ತಿಂಗಳಿಗೆ 5 ಕಿಲೋ ಎಂದು ಹಿಡಿದರೆ ಅದು 11 ಜನರ ಪಾಲು, ಮೇಲೆ 3 ಕಿಲೋ. ಅಷ್ಟು ಜನರ ಅನ್ನ ಬರೀ ಗೋಣಿಯ ತೂಕದಲ್ಲಿ ಮಾಯವಾಗಬಲ್ಲದು. ಆಮೇಲೆ ಅಂಗಡಿಯವನು ತನಗೆ ಬಿದ್ದ ಕೊರತೆಯನ್ನು ಕಾರ್ಡಿನವರ ತಕ್ಕಡಿಯಲ್ಲಿ ತುಂಬಿಕೊಳ್ಳುತ್ತಾನೆ. ಬಾಗಿಲಲ್ಲಿ ಆದ ಅನ್ಯಾಯ ಅಲ್ಲೇ ನಿಲ್ಲುವುದಿಲ್ಲ, ಕೈಯಿಂದ ಕೈಗೆ ಇಳಿಯುತ್ತ ಎಲ್ಲರಿಗಿಂತ ಕೆಳಗಿರುವವರ ಮೇಲೆ ಕೂರುತ್ತದೆ.

ಕೊರತೆಯನ್ನು ಹಿಡಿಯುವ ಕಣ್ಣು ಎಲ್ಲರಿಗೂ ಇದೆ. ಹೆಚ್ಚುವರಿಯನ್ನು ಹಿಡಿಯುವ ಕಣ್ಣು ಅಪರೂಪ. ಬಿಲ್ಟಿಯಲ್ಲಿ 200 ಚೀಲ ಎಂದಿದ್ದು ಲಾರಿಯಲ್ಲಿ 198 ಇಳಿದರೆ ಕೂಗಾಟ. 202 ಇಳಿದರೆ? ಆ ಮೌನದಲ್ಲಿ ಮನುಷ್ಯ ಎಂಥವನೆಂದು ತಿಳಿಯುತ್ತದೆ. ನಮ್ಮಲ್ಲಿ ಇದಕ್ಕೆ ದೊಡ್ಡ ಸಾಕ್ಷಿ 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ತಂದದ್ದು ದಿನಕ್ಕಿಂತ ಹೆಚ್ಚಿತ್ತು. ಲಕ್ಕಮ್ಮ ಕಂಡೊಡನೆ ಗುರುತಿಸಿದಳು. ಇದು ನಮ್ಮದಲ್ಲ, ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ನಾವು ಆಸೆಯಿಲ್ಲದ ಬದುಕಿನ ಕಥೆಯೆಂದು ಹೇಳುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ಅವಳು ಮೊದಲು ಮಾಡಿದ್ದು ಅಳೆಯುವುದನ್ನು. ನಿತ್ಯ ಎಷ್ಟು ಬರಬೇಕೆಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿರದಿದ್ದರೆ ಹೆಚ್ಚು ಬಂದದ್ದು ಕಾಣುತ್ತಲೇ ಇರಲಿಲ್ಲ. ಬಡಗುಡಿಸಲ ಬಾಗಿಲಲ್ಲಿ, ಗಂಡ ತಂದ ಅಕ್ಕಿಯನ್ನು, ನಾಳೆಗಾಗುತ್ತದೆ ಎನ್ನುವ ಎಲ್ಲ ಕಾರಣವಿದ್ದೂ ತಡೆದ ಆ ಹೆಣ್ಣುಮಗಳಿಗಿಂತ ದೊಡ್ಡ ಉಗ್ರಾಣಿಕರನ್ನು ನಾನು ಕೇಳಿಲ್ಲ. ವಿಚಿತ್ರವೆಂದರೆ ನಮ್ಮ 1930ರ ಸರಕು ಮಾರಾಟ ಕಾಯ್ದೆಯ 37ನೇ ಸೆಕ್ಷನ್ನೂ ಹೆಚ್ಚು ಬಂದದ್ದನ್ನು ತಪ್ಪು ಪೂರೈಕೆಯೆಂದೇ ಎಣಿಸುತ್ತದೆ. ಕೊಂಡವನು ಹೆಚ್ಚಾದಷ್ಟನ್ನು ಬೇಡವೆನ್ನಬಹುದು, ಇಡೀ ಸರಕನ್ನೇ ಬೇಡವೆನ್ನಬಹುದು, ಎಲ್ಲವನ್ನೂ ಇಟ್ಟುಕೊಂಡರೆ ಎಲ್ಲಕ್ಕೂ ದುಡ್ಡು ಕೊಡಬೇಕು.

ಗೋದಾಮಿನಲ್ಲಿ ಹೆಚ್ಚುವರಿ ತಾನಾಗಿಯೂ ಹುಟ್ಟುತ್ತದೆ. ಬೇಸಿಗೆಯಲ್ಲಿ ಒಣಗಿ ಬಂದ ಗೋಧಿ ಮಳೆಗಾಲದ ಗಾಳಿಯ ತೇವ ಹೀರಿ ತೂಕ ಏರುತ್ತದೆ. ಲೆಕ್ಕಕ್ಕೆ ಹಿಡಿಯದಿದ್ದರೆ ಆ ಏರಿಕೆಯಷ್ಟೇ ಧಾನ್ಯವನ್ನು ಹಿಂಬಾಗಿಲಿಂದ ಸಾಗಿಸಿ ಪುಸ್ತಕವನ್ನು ಸರಿಯಾಗಿಯೇ ತೋರಿಸಬಹುದು. ಪುಸ್ತಕ ಸರಿ ಇದೆ ಎಂಬುದು ಪ್ರಾಮಾಣಿಕತೆಗೆ ಪೂರ್ತಿ ಸಾಕ್ಷಿಯಾಗದು.

ಇನ್ನು, ಯಾರ ಮಾತು ಪರೀಕ್ಷೆ ಎನಿಸಿಕೊಳ್ಳುತ್ತದೆ ಎಂಬ ಪ್ರಶ್ನೆ. ಚೀಲ ಹಗುರವಾಗಿದೆ, ಒಂದು ಮಗ್ಗುಲು ತಣ್ಣಗಿದೆ ಎಂದು ಎಲ್ಲರಿಗಿಂತ ಮೊದಲು ತಿಳಿಯುವುದು ಹಮಾಲನ ಬೆನ್ನಿಗೆ. ಒಂದು ಕಾಲದಲ್ಲಿ ಕ್ವಿಂಟಲ್ ಚೀಲಗಳನ್ನೇ ಹೊರುತ್ತಿದ್ದವರು ಅವರು. ವಯಸ್ಕ ಗಂಡಸಿಗೆ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿದ್ದು 1967ರಲ್ಲಿ. ದಿನವಿಡೀ 50 ಕಿಲೋ ಚೀಲ ಹೊತ್ತ ಬೆನ್ನಿಗೆ 48 ಕಿಲೋ ಚೀಲ ಬಂದರೆ ತಿಳಿಯದೇ ಇರುತ್ತದೆಯೇ? ಆದರೆ ಅವನನ್ನು ಕೇಳುವವರು ಯಾರು? ಅವನಾಗಿ ಹೇಳಿದರೆ ಸುಮ್ಮನೆ ಹೊರು ಎನ್ನುತ್ತೇವೆ.

ಹಾಗೆ ಅನ್ನುವುದರ ಬೆಲೆ ಎಷ್ಟೆಂದು ಈ ದೇಶ ಒಮ್ಮೆ ಕಂಡಿದೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಬಿಸಿಯೂಟ ಉಂಡ ಮಕ್ಕಳಲ್ಲಿ 23 ಮಂದಿ ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆಯ ಬಣ್ಣ, ವಾಸನೆ ಸರಿಯಿಲ್ಲವೆಂದು ಅಡುಗೆಯಾಕೆ ಮೊದಲೇ ಹೇಳಿದ್ದಳೆಂದು ಆಗಿನ ವರದಿಗಳು ಹೇಳುತ್ತವೆ. ಪ್ರಯೋಗಾಲಯ ಬೇಕಿರಲಿಲ್ಲ, ಯಂತ್ರ ಬೇಕಿರಲಿಲ್ಲ. ಆ ಅಡುಗೆಮನೆಯಲ್ಲಿ ಪರೀಕ್ಷೆ ನಡೆದಿತ್ತು, ಸರಿಯಾಗಿಯೇ ನಡೆದಿತ್ತು. ಪರೀಕ್ಷೆ ಮಾಡಿದವಳಿಗೆ ಬೇಡ ಎನ್ನುವ ಹಕ್ಕಿರಲಿಲ್ಲ, ಅಷ್ಟೇ. ನಮ್ಮೂರಿನ ಶಾಲೆಗೆ ಬೇಳೆಯ ಚೀಲ ಬಂದು ಇಳಿದಾಗ ಬಿಸಿಯೂಟದ ಅಕ್ಕಂದಿರು ಹುಳುವಿದೆ ಎಂದರೆ ಆ ಮಾತನ್ನು ಯಾರು ಬರೆದುಕೊಳ್ಳುತ್ತಾರೆ, ಆ ಚೀಲ ಎಲ್ಲಿಗೆ ಹೋಗುತ್ತದೆ ಎಂದು ಪ್ರತಿ ಊರಿನವರೂ ಒಮ್ಮೆ ಹೋಗಿ ಕೇಳಬೇಕು.

ಗೊತ್ತಿಲ್ಲದೆ ಪಡುವ ಅನುಮಾನದಿಂದಲೂ ಅನ್ಯಾಯವಾಗುತ್ತದೆ, ಇದನ್ನೂ ಹೇಳದೆ ಇರಲಾರೆ. ಪಡಿತರದ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬಂದಿದೆಯೆಂದು ಎಷ್ಟೋ ಕಡೆ ಗಲಾಟೆಯಾಯಿತು. ಅದು ಸಾರವರ್ಧಿತ ಅಕ್ಕಿ: ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ ಯಂತ್ರದಲ್ಲಿ ಕಾಳಿನಂತೆ ಮಾಡಿ, 100 ಕಿಲೋಗೆ 1 ಕಿಲೋ ಲೆಕ್ಕದಲ್ಲಿ ಬೆರೆಸಿದ್ದು. ಬಣ್ಣ ಸ್ವಲ್ಪ ಬೇರೆ, ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ತಾಯಂದಿರು ಅದನ್ನು ಆರಿಸಿ ಎಸೆದರು. ಅವರ ತಪ್ಪೇನಿಲ್ಲ, ಮಕ್ಕಳ ತಟ್ಟೆಗೆ ಬೀಳುವುದನ್ನು ನೋಡಿ ನೋಡಿ ಅಭ್ಯಾಸವಾದ ಕಣ್ಣು ಹೊಸದನ್ನು ಕಂಡು ಬೆಚ್ಚಿತು. ಚೀಲದೊಂದಿಗೆ ನಾಲ್ಕು ಮಾತಿನ ವಿವರವನ್ನು ಬಾಗಿಲವರೆಗೆ ತಲುಪಿಸದವರು ತಪ್ಪಿತಸ್ಥರು.

ನಮ್ಮ ಮನೆಬಾಗಿಲಲ್ಲೂ ಸರಕು ಇಳಿಯುತ್ತದೆ. ಅಡುಗೆ ಅನಿಲದ ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ, ಅದಕ್ಕೆ 14.2 ಕಿಲೋ ಕೂಡಿಸಿದರೆ ತುಂಬಿದ ತೂಕ. ಎ, ಬಿ, ಸಿ, ಡಿ ಎಂಬ ಅಕ್ಷರದ ಜೊತೆ ಇಸವಿಯಿರುತ್ತದೆ. ಮುಂದಿನ ಪರೀಕ್ಷೆಗೆ ವರ್ಷದ ಯಾವ ಮೂರು ತಿಂಗಳೆಂಬ ಗುರುತು ಅದು. ತೂಗಿ ತೋರಿಸಿ ಎಂದು ಕೇಳುವವರು ಎಷ್ಟು ಮಂದಿ? ಪಾಪ, ತಂದವನು ಅವಸರದಲ್ಲಿದ್ದಾನೆ ಎಂಬ ದಾಕ್ಷಿಣ್ಯ. ದಾಕ್ಷಿಣ್ಯ ಒಳ್ಳೆಯ ಗುಣವೆಂದೇ ಬೆಳೆದವರು ನಾವು. ಆದರೆ ಅದು ಎಲ್ಲರ ಮುಂದೆ ಒಂದೇ ಥರ ಇರುವುದಿಲ್ಲವೆಂಬುದು ನನ್ನನ್ನು ಚುಚ್ಚುತ್ತದೆ. ದೊಡ್ಡ ಕಂಪನಿಯ ಮೊಹರಿರುವ ಪೆಟ್ಟಿಗೆಯನ್ನು ತೆರೆಯದೆ ಸಹಿ ಹಾಕುವ ಕೈಯೇ ಸೊಪ್ಪು ಮಾರುವ ಅಜ್ಜಿಯ ಕಟ್ಟನ್ನು ಬಿಚ್ಚಿ, ಕೊಡವಿ, ಎರಡು ಎಸಳು ಜಾಸ್ತಿ ಎಳೆದುಕೊಳ್ಳುತ್ತದೆ. ಉಗ್ರಾಣದಲ್ಲೂ ಹೀಗೇ. ದೊಡ್ಡ ಸರಬರಾಜುದಾರನ ಲೋಡು ಕಾಗದ ನೋಡಿ ಒಳಗೆ ಹೋಗುತ್ತದೆ, ಐದು ಚೀಲ ತಂದವನ ಐದನ್ನೂ ಕವುಚಿ ನೋಡುತ್ತಾರೆ. ಬಿಗಿ ಬೇಕು, ಒಪ್ಪುತ್ತೇನೆ. ಆ ಬಿಗಿ ಮುಖ ನೋಡಿ ಬದಲಾಗಬಾರದು.

ಸುಸ್ಥಿತಿಯಲ್ಲಿ ತಲುಪಿದೆ ಎಂಬ ಸಾಲಿನ ಕೆಳಗೆ ಬೀಳುವ ಸಹಿಗೆ ಒಂದು ಭಾರವಿದೆ. ಅಲ್ಲಿಂದಾಚೆಗೆ ಹುಳು ಬಿದ್ದರೆ, ಕೊರತೆಯಾದರೆ, ಮಕ್ಕಳ ಹೊಟ್ಟೆ ಕೆಟ್ಟರೆ ಅದು ಸಹಿ ಹಾಕಿದವನ ಬಾಬತ್ತು. ಲಾರಿಯ ಟಾರ್ಪಾಲು ಬಿಚ್ಚುವ ಮೊದಲೇ ಆ ಸಹಿ ಬೀಳುವುದನ್ನು ಯಾವ ಆಫೀಸಿನಲ್ಲಾದರೂ ನೋಡಬಹುದು. ಕಾನೂನೇನೂ ಅವಸರಪಡಿಸುವುದಿಲ್ಲ, ಸರಕು ಮಾರಾಟ ಕಾಯ್ದೆಯ 41ನೇ ಸೆಕ್ಷನ್ ಕೊಂಡವನಿಗೆ ಸರಕನ್ನು ಪರೀಕ್ಷಿಸಿ ನೋಡಲು ತಕ್ಕ ಅವಕಾಶ ಸಿಗಬೇಕು ಎನ್ನುತ್ತದೆ. ಸಂಜೆಯೊಳಗೆ ಮುಗಿಸಿ ಮನೆಗೆ ಹೋಗುವ ಆತುರ ನಮ್ಮದು.

ಇದರ ಎದುರು ತುದಿಯಲ್ಲಿ ಇನ್ನೊಂದು ಕ್ರೌರ್ಯವಿದೆ. ಪರೀಕ್ಷೆಯ ಹೆಸರಿನಲ್ಲಿ ಲಾರಿಯನ್ನು ಗೇಟಿನ ಹೊರಗೆ ದಿನಗಟ್ಟಲೆ ನಿಲ್ಲಿಸುವುದು. ಚಾಲಕ ಕ್ಯಾಬಿನ್ನಿನಲ್ಲೇ ಅಡುಗೆ, ಅಲ್ಲೇ ನಿದ್ದೆ. ಕಕ್ಕಸಿಗೆ ಕೂಡ ಒಳಗೆ ಬಿಡುವುದಿಲ್ಲ. ಬಾಡಿಗೆಯ ಬಾಕಿ ಹಣ ಸಿಗುವುದು ಸಹಿಯಾದ ಪ್ರತಿಯನ್ನು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಒಪ್ಪಿಸಿದ ಮೇಲೆ. ಆ ಪ್ರತಿಯಲ್ಲಿ ಎರಡು ಚೀಲ ಕೊರತೆ ಎಂದು ಬರೆದರೆ ಬಹಳ ಸಲ ಆ ದುಡ್ಡು ಕಡಿತವಾಗುವುದು ಲಾರಿಯವನ ಬಾಕಿಯಲ್ಲೇ, ಚೀಲ ಎಲ್ಲಿ ತಪ್ಪಿತು ಎಂದು ಯಾರೂ ಹುಡುಕುವುದಿಲ್ಲ. ಲೋಡು ಮಾಡಿದ ಕಡೆಯೇ ಎಣಿಕೆ ತಪ್ಪಿರಬಹುದು. ಇಳಿಸುವಾಗ ನಮ್ಮವರೇ ಗೀಟು ಹಾಕಲು ಮರೆತಿರಬಹುದು. ಕೊರತೆ ಬರೆಯುವ ಮೊದಲು ಚಾಲಕನನ್ನು ಒಳಗೆ ಕರೆದು, ಪಕ್ಕದಲ್ಲಿ ನಿಲ್ಲಿಸಿಕೊಂಡು, ನಿಟ್ಟನ್ನು ಸಾಲುಸಾಲಾಗಿ ಇನ್ನೊಮ್ಮೆ ಎಣಿಸಬೇಕು. ಅವನು ಒಪ್ಪದಿದ್ದರೆ ಒಪ್ಪಲಿಲ್ಲ ಎಂದು ಅವನ ಮಾತನ್ನೂ ಅದೇ ಕಾಗದದಲ್ಲಿ ಬರೆದು, ಅವನಿಗೊಂದು ಪ್ರತಿ ಕೊಟ್ಟು ಕಳಿಸಬೇಕು.